ಪುನುಗು ಬೆಕ್ಕಿನ ಕಾಫಿ: ಪೊಟ್ಟಣದ ಮೇಲಿನ ಹೆಸರು ಯಾರದು, ಒಳಗಿನ ಬೀಜ ಯಾರದು?

ಮಡಿಕೇರಿ, ಕುಶಾಲನಗರದ ಸ್ಪೈಸಸ್ ಅಂಗಡಿಗಳಲ್ಲಿ ಕಾಳುಮೆಣಸು, ಏಲಕ್ಕಿ, ಜೇನು, ಹೋಮ್‌ಮೇಡ್ ಚಾಕೊಲೇಟ್ ಎಲ್ಲ ದಾಟಿದ ಮೇಲೆ, ಗಲ್ಲಾ ಹತ್ತಿರ ಕೆಲವು ಕಡೆ ಒಂದು ಸಣ್ಣ ಪೊಟ್ಟಣ ಇಟ್ಟಿರುತ್ತಾರೆ. ಒಂದರ ಮೇಲೆ ‘ಸಿವೆಟ್ ಕಾಫಿ’, ಇನ್ನೊಂದರ ಮೇಲೆ ‘ಲುವಾಕ್’, ಕನ್ನಡದಲ್ಲಿ ಬರೆದಿದ್ದರೆ ‘ಪುನುಗು ಬೆಕ್ಕಿನ ಕಾಫಿ’ ಅಥವಾ ‘ಕಾಡುಬೆಕ್ಕಿನ ಕಾಫಿ’. ಕಾಫಿ ಹಣ್ಣು ತಿಂದ ಪ್ರಾಣಿಯ ಹಿಕ್ಕೆಯಿಂದ ಬೀಜ ಆರಿಸಿ, ತೊಳೆದು, ಹುರಿದ ಕಾಫಿ ಇದು. ಪ್ರವಾಸಿಗರು ಕೇಳುವ ಪ್ರಶ್ನೆ ಒಂದೇ: ಇಷ್ಟು ದುಡ್ಡು ಕೊಟ್ಟು ತಗೊಳ್ಳಬಹುದಾ?

ತೀರ್ಪು ಮೊದಲೇ ಹೇಳಿಬಿಡೋಣ. ತೋಟದಲ್ಲಿ ಸ್ವತಂತ್ರವಾಗಿ ತಿರುಗುವ ಪ್ರಾಣಿಯ ಹಿಕ್ಕೆಯಿಂದ ಆರಿಸಿದ್ದು, ಹುರಿದ ತಾರೀಕು ಹಾಕಿದ್ದು, ಪುಡಿ ಮಾಡದ ಇಡೀ ಬೀಜ, 50 ಗ್ರಾಂ ಸಿಕ್ಕರೆ ಒಂದು ಸಲ ಕುಡಿದು ನೋಡಲು ಅಡ್ಡಿಯಿಲ್ಲ. ಕಿಲೋಗಟ್ಟಲೆ ಕೊಳ್ಳುವ ಮಾಲು ಇದಲ್ಲ. ಪುಡಿ ಮಾಡಿ ಇಟ್ಟದ್ದಂತೂ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಯಾಕೆಂದರೆ ಇಲ್ಲಿ ಮಾರಾಟವಾಗುವುದು ಮುಕ್ಕಾಲು ಪಾಲು ಹೆಸರು. ಆ ಹೆಸರು ಯಾವ ಪ್ರಾಣಿಯದು, ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಅರ್ಧದಷ್ಟು ಪೊಟ್ಟಣಗಳನ್ನು ಹಣ ತೆಗೆಯುವ ಮೊದಲೇ ಪಕ್ಕಕ್ಕಿಡಬಹುದು.

‘ಕಾಡುಬೆಕ್ಕಿನ ಕಾಫಿ’ ಎಂಬುದನ್ನೇ ಮೊದಲು ನೋಡಿ. ಕನ್ನಡದಲ್ಲಿ ಕಾಡುಬೆಕ್ಕು ಎಂದರೆ ಫೆಲಿಸ್ ಚಾಸ್ ಎಂಬ ನಿಜವಾದ ಬೆಕ್ಕು. ಉದ್ದ ಕಾಲು, ಗಿಡ್ಡ ಬಾಲ, ಕಿವಿಯ ತುದಿಯಲ್ಲಿ ಸಣ್ಣ ಕುಚ್ಚು. ಇಲಿ, ಹಕ್ಕಿ, ಮೊಲ ಅದರ ಊಟ. ಅದಕ್ಕೆ ಕಾಫಿ ಹಣ್ಣಿನ ಆಸೆ ಹುಟ್ಟಲು ಕಾರಣವೇ ಇಲ್ಲ. ನಾಲಿಗೆ ಸಿಹಿಯನ್ನು ಗುರುತಿಸಲು ಎರಡು ಜೀನ್ ಬೇಕು. ಮನೆಬೆಕ್ಕು, ಹುಲಿ, ಚೀತಾ ಮೂರರಲ್ಲೂ ಅವುಗಳಲ್ಲಿ ಒಂದು ಕೆಲಸ ಮಾಡುವುದಿಲ್ಲ ಎಂದು 2005ರಲ್ಲಿ ತೋರಿಸಿದ್ದಾರೆ. ಬೆಕ್ಕಿಗೆ ಹಣ್ಣಿನ ಸಿಹಿ ಸಪ್ಪೆ. ರಾತ್ರಿ ಹೊತ್ತು ಕಾಫಿ ಗಿಡಕ್ಕೆ ಹತ್ತಿ, ಚೆನ್ನಾಗಿ ಕೆಂಪಾದ ಹಣ್ಣನ್ನೇ ಆರಿಸಿ ತಿನ್ನುವುದು ವಿವೆರಿಡೇ ಎಂಬ ಬೇರೆಯೇ ಕುಟುಂಬದ ಪ್ರಾಣಿ. ಮೋರೆ ಚೂಪು, ಬಾಲ ಉದ್ದ, ನಡಿಗೆ ಸ್ವಲ್ಪ ಮುಂಗುಸಿಯದು. ಬೆಕ್ಕು ಎಂಬುದು ನಾವು ಕೊಟ್ಟ ಬಿರುದು ಅಷ್ಟೇ.

ಹಾಗಾದರೆ ‘ಪುನುಗು ಬೆಕ್ಕು’ ಸರಿಯೇ? ಅದೂ ಪೂರ್ತಿ ಸರಿಯಲ್ಲ. ಪುನುಗು ಎನ್ನುವುದು ಪ್ರಾಣಿಯ ಹೆಸರಲ್ಲ, ಅದರ ಬಾಲದ ಬುಡದ ಹತ್ತಿರವಿರುವ ಗ್ರಂಥಿಯಿಂದ ಒಸರುವ, ಬೆಣ್ಣೆಯಷ್ಟು ಮೆತ್ತಗಿನ ಸುಗಂಧದ್ರವ್ಯದ ಹೆಸರು. ಹಳೆಯ ಕನ್ನಡ ಹಾಡುಗಳಲ್ಲಿ ಕಸ್ತೂರಿ, ಪುನುಗು, ಜವಾಜಿ ಎಂದು ಒಟ್ಟೊಟ್ಟಿಗೆ ಬರುವುದು ಇದೇ. ತಿರುಮಲದಲ್ಲಿ ಶುಕ್ರವಾರದ ಅಭಿಷೇಕದ ನಂತರ ಮೂರ್ತಿಗೆ ಹಚ್ಚುವ ಪುನುಗು ತೈಲವೂ ಇದೇ. ಈ ದ್ರವ್ಯ ಕೊಡುವ ಪ್ರಾಣಿ ವಿವೆರಿಕ್ಯುಲಾ ಇಂಡಿಕಾ, ಅಂದರೆ ಸಣ್ಣ ಪುನುಗು ಬೆಕ್ಕು. ಬೂದು ಮಿಶ್ರಿತ ಕಂದು ಮೈ, ಬೆನ್ನ ಮೇಲೆ ಗೆರೆ, ಪಕ್ಕದಲ್ಲಿ ಸಾಲು ಚುಕ್ಕೆ, ಬಾಲದ ತುಂಬ ಕಪ್ಪು ಬಳೆಗಳು. ಇದು ಹೆಚ್ಚಾಗಿ ನೆಲದ ಮೇಲೇ ಓಡಾಡುವ ಪ್ರಾಣಿ. ಇಲಿ, ಹುಳ, ಕಪ್ಪೆ ಹಿಡಿಯುತ್ತದೆ, ಹಣ್ಣು ಸಿಕ್ಕರೆ ಅದನ್ನೂ ತಿನ್ನುತ್ತದೆ. ಕಾಫಿ ಕಥೆಯ ನಾಯಕ ಇದಲ್ಲ.

ಕಾಫಿ ತಿನ್ನುವುದು ಮಲೆನಾಡಿನ ಕಡೆ ಕಬ್ಬೆಕ್ಕು ಎಂದು ಕರೆಯುವ ಮರಬೆಕ್ಕು, ಪ್ಯಾರಡಾಕ್ಸುರಸ್ ಹರ್ಮಾಫ್ರೊಡೈಟಸ್. ಕೊಡಗಿನ ಎತ್ತರದ, ಕಾಡಿಗೆ ಅಂಟಿದ ತೋಟಗಳಲ್ಲಿ ಇದರ ಸೋದರ ಸಂಬಂಧಿ ಕಂದು ಮರಬೆಕ್ಕೂ ಇದೆ. ಪ್ಯಾರಡಾಕ್ಸುರಸ್ ಜೆರ್ಡೋನಿ ಎಂಬ ಈ ಪ್ರಾಣಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೊದಲನೆಯದರ ಮುಖದಲ್ಲಿ ಮುಖವಾಡ ಹಾಕಿದಂತೆ ಕಪ್ಪು-ಬಿಳಿ ಗುರುತು, ಬೆನ್ನ ಮೇಲೆ ಮಸುಕು ಗೆರೆ. ಎರಡನೆಯದು ಬರೀ ಕಂದು, ಕುತ್ತಿಗೆಯ ಕೂದಲು ತಲೆಯ ಕಡೆಗೆ ತಿರುಗಿ ಬೆಳೆದಿರುತ್ತದೆ. ಎರಡಕ್ಕೂ ಬಾಲದಲ್ಲಿ ಬಳೆ ಇಲ್ಲ.

ಈ ಬಾಲದ ಮಾತನ್ನು ನೆನಪಿಡಿ, ಅಂಗಡಿಯಲ್ಲಿ ಬೇಕಾಗುತ್ತದೆ. ಪೊಟ್ಟಣದ ಚಿತ್ರದಲ್ಲಿ ಬಾಲದ ಮೇಲೆ ಬಳೆಗಳಿದ್ದರೆ ಅದು ಪುನುಗು ಬೆಕ್ಕು. ಮೈತುಂಬ ಚಿರತೆಯ ಮಚ್ಚೆ, ಮೋರೆ ಗುಂಡಗಿದ್ದರೆ ಅದು ಚಿರತೆ ಬೆಕ್ಕು, ಅಪ್ಪಟ ಮಾಂಸಾಹಾರಿ. ಚಿತ್ರ ತಪ್ಪಿದ್ದ ಮಾತ್ರಕ್ಕೆ ಒಳಗಿನ ಬೀಜ ನಕಲಿ ಎಂದಲ್ಲ. ಡಿಸೈನ್ ಮಾಡಿದವರು ಎಲ್ಲಿಂದಲೋ ಎತ್ತಿ ಹಾಕಿರಬಹುದು. ಆದರೆ ತನ್ನ ತೋಟಕ್ಕೆ ಬರುವ ಪ್ರಾಣಿ ಯಾವುದೆಂದು ನೋಡಿ ಗೊತ್ತಿರುವವರು ಮಾರುವ ಮಾಲಿನ ಮೇಲೆ ಆ ಚಿತ್ರ ಇರಲಾರದು.

‘ಪುನುಗಿನ ಪರಿಮಳ ಕಾಫಿಗೆ ಇಳಿದಿರುತ್ತದೆ’ ಎಂದು ಮಾರುವವರು ಹೇಳುವುದುಂಟು. ಇದು ಹೆಸರಿನಿಂದ ಹುಟ್ಟಿದ ನಂಬಿಕೆ. ಆ ಗ್ರಂಥಿ ತೆರೆಯುವುದು ಮೈಯ ಹೊರಗೆ, ಕರುಳಿನ ಒಳಗಲ್ಲ. ಬೀಜದ ಮೇಲೆ ಪಾರ್ಚ್‌ಮೆಂಟ್ ಎಂಬ ಗಟ್ಟಿ ಸಿಪ್ಪೆ ಬೇರೆ ಇರುತ್ತದೆ. ತೊಳೆದು, ಒಣಗಿಸಿ, ಸಿಪ್ಪೆ ತೆಗೆದು, 200 ಡಿಗ್ರಿ ದಾಟಿಸಿ ಹುರಿದ ಮೇಲೆ ಹೊರಗಿನ ಯಾವ ಗಂಧವೂ ಉಳಿಯುವುದಿಲ್ಲ. ಕಪ್ಪಿನಿಂದ ಕಸ್ತೂರಿಯಂಥ ವಾಸನೆ ಎದ್ದರೆ ಯಾರೋ ಎಸೆನ್ಸ್ ಹಾಕಿದ್ದಾರೆ ಎಂದೇ ಅರ್ಥ.

‘ಸಿವೆಟ್’ ಎಂಬ ಪದವೂ ಇದೇ ದ್ರವ್ಯದ ಬೆನ್ನು ಹತ್ತಿ ಬಂದದ್ದು. ಅರಬ್ಬಿಯಲ್ಲಿ ಜಬಾದ್, ಅದು ಇಟಲಿಗೆ ಹೋಗಿ ಜಿಬೆಟ್ಟೊ, ಫ್ರೆಂಚ್‌ನಲ್ಲಿ ಸಿವೆಟ್, ಅಲ್ಲಿಂದ ಇಂಗ್ಲಿಷ್. ನಮ್ಮ ಜವಾಜಿ ಬೇರೆ ದಾರಿಯಲ್ಲಿ ಬಂದ ಅದೇ ಪದ. ಅಂದರೆ ಇಂಗ್ಲಿಷ್ ಹೆಸರೂ ಕನ್ನಡದ ಹೆಸರೂ ಎರಡೂ ಹೇಳುವುದು ಸುಗಂಧದ ವ್ಯಾಪಾರವನ್ನು. ಕಾಫಿಯ ವ್ಯಾಪಾರ ಅದರ ಮೇಲೆ ಆಮೇಲೆ ಬಂದು ಕೂತಿತು. ತೋಟದ ಇಂಗ್ಲಿಷ್‌ನಲ್ಲಿ ಕೇಳಿಬರುವ ‘ಟಾಡಿ ಕ್ಯಾಟ್’ ಇದಕ್ಕಿಂತ ಪ್ರಾಮಾಣಿಕ ಹೆಸರು: ಮರಕ್ಕೆ ಕಟ್ಟಿದ ಮಡಕೆಗೆ ಬಾಯಿ ಹಾಕಿ ಹೆಂಡ ಕುಡಿಯುತ್ತದೆಂದು ಇಟ್ಟದ್ದು. ಹೆಂಡ ಇಳಿಸುವ ಬೈನೆ ಮರದ ಹಣ್ಣಿಗೂ ಇದು ಬರುತ್ತದೆ.

ಲುವಾಕ್ ಜಾವಾ ಭಾಷೆಯಲ್ಲಿ ಇದೇ ಮರಬೆಕ್ಕಿಗಿರುವ ಹೆಸರು, ‘ಕೋಪಿ ಲುವಾಕ್’ನ ಕೋಪಿ ಎಂದರೆ ಕಾಫಿ. ಹಾಗಾಗಿ ‘ಕೊಡಗಿನ ಲುವಾಕ್’ ಎಂದು ಬರೆದರೆ ಪ್ರಾಣಿಯ ಮಟ್ಟಿಗೆ ಸುಳ್ಳೇನಲ್ಲ. ಆದರೆ ವ್ಯಾಪಾರದಲ್ಲಿ ಲುವಾಕ್ ಎಂದರೆ ಇಂಡೊನೇಷ್ಯಾದ ಮಾಲು, ಮತ್ತು ಆ ಹೆಸರಿನ ಜೊತೆಗೇ ಬಾಲಿ, ಸುಮಾತ್ರಾದಲ್ಲಿ ಪ್ರಾಣಿಯನ್ನು ಪಂಜರದಲ್ಲಿಟ್ಟು ಹಣ್ಣು ತಿನ್ನಿಸುವ ಕೆಟ್ಟ ಹೆಸರೂ ಅಂಟಿಕೊಂಡಿದೆ. ಇಲ್ಲಿಯ ಬೀಜಕ್ಕೆ ಆ ಹೆಸರು ಹಾಕಿಕೊಳ್ಳುವುದರಲ್ಲಿ ಲಾಭವೇನೋ ನಮಗೆ ಅರ್ಥವಾಗಿಲ್ಲ. ಪಕ್ಕದವರಿಗೆ ಇದು ಬೆಕ್ಕೇ ಅಲ್ಲ ಎಂಬುದು ಇನ್ನೊಂದು ತಮಾಷೆ. ಮಲಯಾಳಿಗಳಿಗೆ ಇದು ಮರಪಟ್ಟಿ, ತಮಿಳರಿಗೆ ಮರನಾಯ್. ಎರಡೂ ಮರದ ಮೇಲಿನ ನಾಯಿ. ಒಂದೇ ಪ್ರಾಣಿ ತೋಟದ ಕೂಲಿಕಾರರ ಒಂದು ಲೈನ್‌ಮನೆಯಲ್ಲಿ ಬೆಕ್ಕು, ಪಕ್ಕದ ಲೈನ್‌ಮನೆಯಲ್ಲಿ ನಾಯಿ. ಕೊಡಗಿಗೆ ಇದೇನೂ ಹೊಸದಲ್ಲ ಬಿಡಿ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಹುಲಿ ಹೊಡೆದವನಿಗೆ ಮಾಡುತ್ತಿದ್ದ ‘ನರಿ ಮಂಗಲ’ದ ಹೆಸರು ಕೇಳಿ ಘಟ್ಟದ ಕೆಳಗಿನವರು ನಕ್ಕದ್ದಿದೆ.

ಇನ್ನು ಬೀಜಕ್ಕೆ ಬರೋಣ.

ಮರಬೆಕ್ಕಿಗೆ ಬೇಕಾದದ್ದು ಹಣ್ಣಿನ ತಿರುಳು ಮತ್ತು ಲೋಳೆ. ಬೀಜ ಪಾರ್ಚ್‌ಮೆಂಟ್ ಸಮೇತ ಹಾಗೇ ಹೊರಬರುತ್ತದೆ. ಹಿಕ್ಕೆ ಹಾಕಲು ಇದು ಬಂಡೆ, ಬಿದ್ದ ಮರ, ಮೋರಿಯ ಗೋಡೆಯಂಥ ಎತ್ತರದ ಜಾಗಕ್ಕೆ ಮತ್ತೆ ಮತ್ತೆ ಬರುವುದರಿಂದ ಆರಿಸುವವರಿಗೆ ಜಾಗ ಗೊತ್ತಿರುತ್ತದೆ. ಹೊಸ ಹಿಕ್ಕೆ ನೋಡಲು ಕಡಲೆಮಿಠಾಯಿಯ ತುಂಡಿನ ಹಾಗೆ: ಬೀಜಕ್ಕೆ ಬೀಜ ಅಂಟಿ, ನಡುನಡುವೆ ಕಂದು ಲೋಳೆ. ಕಾಡಿನ ಪ್ರಾಣಿಯದಾದರೆ ಅದರೊಳಗೆ ಕಾಫಿಯೊಂದೇ ಇರುವುದಿಲ್ಲ. ಆಲ, ಅತ್ತಿ, ಬೈನೆಯ ಬೀಜ, ಕೆಲವೊಮ್ಮೆ ಹುಳದ ರೆಕ್ಕೆಯ ಚೂರು, ಇಲಿಯ ಕೂದಲು. ಮಾರುವವರು ಸ್ಯಾಂಪಲ್ ಎಂದು ತೋರಿಸುವ ಹಿಕ್ಕೆಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ, ಕಾಫಿ ಬಿಟ್ಟು ಬೇರೇನೂ ಇಲ್ಲ ಎಂದಾದರೆ ಅನುಮಾನಪಡಿ. ಬರೀ ಕಾಫಿ ಹಣ್ಣು ತಿನ್ನಿಸಿದ ಪ್ರಾಣಿಯ ಹಿಕ್ಕೆ ಹಾಗಿರುತ್ತದೆ. ಪಂಜರದಲ್ಲಿಟ್ಟು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಪರಾಧ; ತಂತಿ ನೆಲದ ಗೂಡಿನಲ್ಲಿ ಅದರ ಅಂಗಾಲು ಹುಣ್ಣಾಗುತ್ತದೆ, ಒಂದೇ ಆಹಾರದಿಂದ ಸೊರಗುತ್ತದೆ. ಅಂಥ ಕಾಫಿಯ ರುಚಿ ಚರ್ಚೆಗೇ ಬೇಡ.

ಆರಿಸಿದ ಮೇಲೆ ಕೆಲಸ ಕೆಡುವುದು ಒಣಗಿಸುವಲ್ಲಿ. ಹಿಕ್ಕೆಯನ್ನು ಗಟ್ಟಿಯಾಗುವ ಮೊದಲು ಬಿಡಿಸಿ, ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆಯಬೇಕು. ತೇಲುವ ಬೀಜ, ಸಿಪ್ಪೆ ಒಡೆದ ಬೀಜ ತೆಗೆದು ಹಾಕಬೇಕು. ಪಾರ್ಚ್‌ಮೆಂಟ್ ಒಡೆದಿದ್ದರೆ ಒಳಗಿನ ಬೀಜಕ್ಕೆ ಕೊಳೆ ತಾಗಿರುತ್ತದೆ, ಅದನ್ನು ಯಾವ ತೊಳೆತವೂ ಸರಿಮಾಡುವುದಿಲ್ಲ. ನಂತರ ಕಣದಲ್ಲೋ ಎತ್ತರದ ಜಾಲರಿಯ ಮೇಲೋ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ಮಂಜು ಬೀಳುವ ಮುಂಚೆ ಮುಚ್ಚಿ, ತೇವಾಂಶ ಶೇ. 10ರ ಹತ್ತಿರ ಬರುವವರೆಗೆ ಬಿಸಿಲಿಗೆ ಹಾಕಬೇಕು. ಪ್ರಮಾಣ ಕಡಿಮೆ ಎಂದು ಒಂದು ವಾರದ ಹಿಕ್ಕೆ ಮೂಲೆಯಲ್ಲಿ ಕೂಡಿಟ್ಟು ಒಟ್ಟಿಗೆ ತೊಳೆಯುವವರಿದ್ದಾರೆ. ಅಲ್ಲೇ ಬೂಷ್ಟು ಹಿಡಿಯುವುದು. ಕಪ್ಪಿನಲ್ಲಿ ಬರುವ ಹಸಿ ಗೋಣಿಚೀಲದ ವಾಸನೆಗೆ ‘ಕಾಡಿನ ಘಮ’ ಎಂದು ಹೆಸರಿಟ್ಟಿರುತ್ತಾರೆ. ಅದು ಬೂಷ್ಟಿನದೇ.

ಒಣಗಿದ 1 ಕೆಜಿ ಪಾರ್ಚ್‌ಮೆಂಟ್‌ನ, ಅಂದರೆ ಸಿಪ್ಪೆ ಸಮೇತದ ಬೀಜದ, ಸಿಪ್ಪೆ ತೆಗೆದರೆ ಸುಮಾರು 800 ಗ್ರಾಂ ಹಸಿರು ಬೀಜ; ಹುರಿಯುವಾಗ ಇನ್ನೊಂದು 15ರಿಂದ 18 ಶೇಕಡಾ ಹೋಗಿ ಕೈಗೆ ಬರುವುದು 660-680 ಗ್ರಾಂ. ದುಬಾರಿ ಆಗುವುದು ಈ ಲೆಕ್ಕದಿಂದಲ್ಲ, ಹುಡುಕಿ ಆರಿಸುವ ಕೂಲಿಯಿಂದ. 2017ರಲ್ಲಿ ಕೊಡಗಿನ ಈ ಕಾಫಿ ಪತ್ರಿಕೆಗಳಲ್ಲಿ ಸುದ್ದಿಯಾದಾಗ ಇಲ್ಲಿಯ ದರ ಕಿಲೋಗೆ 8,000 ರೂಪಾಯಿ ಎಂದು ಬಂದಿತ್ತು. ಆ ದರವನ್ನೇ ಹಿಡಿದರೂ 15 ಗ್ರಾಂನ ಒಂದು ಲೋಟಕ್ಕೆ ಬೀಜದ ಖರ್ಚೇ 120 ರೂಪಾಯಿ.

ರುಚಿ? ಕೊಡಗಿನಲ್ಲಿ ಸಿಗುವುದು ಹೆಚ್ಚಾಗಿ ರೊಬಸ್ಟಾ ಜಾತಿಯ ಕಾಫಿ. ಚೆನ್ನಾಗಿ ಮಾಡಿದ್ದಾದರೆ ಬಾಯಿಗೆ ಗಟ್ಟಿ, ಹುಳಿ ಕಡಿಮೆ, ರೊಬಸ್ಟಾದ ಒರಟು ಕಹಿ ಸ್ವಲ್ಪ ತಗ್ಗಿರುತ್ತದೆ, ಕೊನೆಗೆ ಕೋಕೋದ ನೆನಪು. ಇದರಲ್ಲಿ ಪ್ರಾಣಿಯ ಹೊಟ್ಟೆಯ ಪಾಲೆಷ್ಟು, ಹಣ್ಣು ಆರಿಸುವ ಬಾಯಿಯ ಪಾಲೆಷ್ಟು ಎಂಬುದೇ ಪ್ರಶ್ನೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಮಾಸಿಮೊ ಮಾರ್ಕೋನೆ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಬೀಜಗಳ ಮೇಲ್ಮೈಯಲ್ಲಿ ಸಣ್ಣ ಗುಳಿಗಳು ಕಂಡಿದ್ದವು, ಪ್ರೋಟೀನ್ ಒಡೆದ ಗುರುತೂ ಇತ್ತು. ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದವರು ಕೊಡಗಿನ ತೋಟಗಳ ರೊಬಸ್ಟಾ ಹಿಕ್ಕೆ ಬೀಜವನ್ನು ಗಿಡದಿಂದ ಕೊಯ್ದ ಬೀಜದ ಜೊತೆ ಹೋಲಿಸಿ 2025ರಲ್ಲಿ ಪ್ರಕಟಿಸಿದ್ದಾರೆ: ಹಿಕ್ಕೆಯ ಬೀಜದಲ್ಲಿ ಕೊಬ್ಬಿನ ಅಂಶ ಹೆಚ್ಚು, ರುಚಿ, ಪರಿಮಳ ಕೊಡುವ ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲದ ಮೀಥೈಲ್ ಎಸ್ಟರ್‌ಗಳೂ ಹೆಚ್ಚು. ಆದರೆ ಅವರು ನೋಡಿದ್ದು ಹುರಿಯದ ಬೀಜ. ಹುರಿದ ಮೇಲೆ ಕಪ್ಪಿನಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಬೇರೆ ಮಾತು.

ನಮ್ಮ ಅಂದಾಜಿನಲ್ಲಿ ದೊಡ್ಡ ಪಾಲು ಬಾಯಿಯದೇ. ಆಳು ಸಿಗದ ಕಾಲದಲ್ಲಿ ರೊಬಸ್ಟಾವನ್ನು ಕೊಂಬೆಯಿಂದ ಒಂದೇ ಸಲ ಉದುರಿಸಿ ಕೀಳುತ್ತಾರೆ. ಹಸಿರು, ಅರೆಹಣ್ಣು, ಒಣಗಿದ್ದು ಎಲ್ಲ ಒಂದೇ ಚೀಲಕ್ಕೆ. ಮರಬೆಕ್ಕು ಹಾಗಲ್ಲ, ಹಣ್ಣಾದದ್ದನ್ನೇ ಆರಿಸುತ್ತದೆ. ಕೈಯಿಂದ ಅಷ್ಟೇ ಜಾಗ್ರತೆಯಲ್ಲಿ ಆರಿಸಿ, ಪಲ್ಪ್ ಮಾಡಿ (ತಿರುಳು ಬಿಡಿಸಿ) ತೊಳೆದ ರೊಬಸ್ಟಾ ಪಾರ್ಚ್‌ಮೆಂಟನ್ನು ಪಕ್ಕದಲ್ಲಿಟ್ಟರೆ ಅಂತರ ಬಹಳ ಕಿರಿದಾಗುತ್ತದೆ. ಕಾಫಿ ಬೋರ್ಡ್‌ನ ‘ರೊಬಸ್ಟಾ ಕಾಪಿ ರಾಯಲ್’ ದರ್ಜೆಯ ಬೀಜ ಸಿಕ್ಕರೆ ಹೋಲಿಸಿ ನೋಡಿ. ಎರಡು ಲೋಟ, ತಲಾ 8.25 ಗ್ರಾಂ ದಪ್ಪ ಪುಡಿ, ತಲಾ 150 ಮಿ.ಲೀ. ನೀರು, 93 ಡಿಗ್ರಿ. ನಾಲ್ಕು ನಿಮಿಷ ಬಿಟ್ಟು ಮೇಲಿನ ಕೆನೆಯನ್ನು ಚಮಚದಿಂದ ಒಡೆದು, ನೊರೆ ತೆಗೆದು, ಉಗುರುಬೆಚ್ಚಗಾದಾಗ ಕುಡಿಯಬೇಕು. ಯಾವ ಲೋಟ ಯಾವುದೆಂದು ಬೇರೊಬ್ಬರಿಗೆ ಮಾತ್ರ ಗೊತ್ತಿರಲಿ. ಹೆಸರು ಗೊತ್ತಿದ್ದರೆ ನಾಲಿಗೆ ಹೆಸರಿನ ಕಡೆಗೇ ವಾಲುತ್ತದೆ.

ಮನೆಯಲ್ಲಿ ಮಾಡುವಾಗ 15 ಗ್ರಾಂ ಪುಡಿಗೆ 230 ಮಿ.ಲೀ. ನೀರು, ಕುದಿ ನಿಂತ ಅರ್ಧ ನಿಮಿಷದ ನಂತರ, ಕಾಗದದ ಫಿಲ್ಟರ್‌ನಲ್ಲಿ ಮೂರು ನಿಮಿಷದೊಳಗೆ ಇಳಿಸಿ. ಮೊದಲು 40 ಮಿ.ಲೀ. ಹಾಕಿ ಪುಡಿ ಉಬ್ಬಲು ಬಿಡಿ. ಉಬ್ಬದೆ ಸುಮ್ಮನೆ ಕೆಸರಾದರೆ ಬೀಜ ಹಳೆಯದು. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲೂ ಮಾಡಬಹುದು, ಆದರೆ ಡಿಕಾಕ್ಷನ್ ಗಟ್ಟಿಯಾಗಿ ಹಾಲು, ಸಕ್ಕರೆ ಬಿದ್ದ ಮೇಲೆ ಇದಕ್ಕೂ ಸಾಧಾರಣ ಪುಡಿಗೂ ವ್ಯತ್ಯಾಸ ಹೇಳುವವರು ಅಪರೂಪ. ಬೆಲ್ಲದ ಕಾಫಿಗಂತೂ ಬೇಡವೇ ಬೇಡ, ದಂಡ.

ಪೊಟ್ಟಣ ತಿರುಗಿಸಿ ನೋಡಬೇಕಾದದ್ದು ಹೆಚ್ಚೇನಿಲ್ಲ. ಹುರಿದ ತಾರೀಕು, ತೂಕ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಅರೇಬಿಕಾವೋ ರೊಬಸ್ಟಾವೋ ಎಂಬ ಮಾಹಿತಿ, ಚಿಕೋರಿ ಇದ್ದರೆ ಶೇಕಡಾವಾರು. ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕೆಂದು ಕಾನೂನಿದೆ. ಸಿವೆಟ್ ಹೆಸರಿನ ಪುಡಿಯಲ್ಲಿ ಚಿಕೋರಿ ಕಂಡರೆ ಅಲ್ಲೇ ಇಟ್ಟು ಬನ್ನಿ. ‘ಮಿಶ್ರಿತ’ ಅಥವಾ ‘ಬ್ಲೆಂಡ್’ ಎಂದಿದ್ದರೆ ಹಿಕ್ಕೆಯ ಬೀಜ ಎಷ್ಟು ಪಾಲು ಎಂದು ಕೇಳಿ. ಉತ್ತರ ಅಂಕಿಯಲ್ಲಿ ಬರಬೇಕು. ಕೆಲವರು ಭೌಗೋಳಿಕ ಗುರುತಿನ (ಜಿಐ) ಮಾತೆತ್ತುತ್ತಾರೆ. 2019ರಲ್ಲಿ ಜಿಐ ಸಿಕ್ಕಿದ್ದು ಕೂರ್ಗ್ ಅರೇಬಿಕಾ ಕಾಫಿಗೆ. ಮರಬೆಕ್ಕಿನ ರೊಬಸ್ಟಾಕ್ಕೂ ಅದಕ್ಕೂ ಸಂಬಂಧವಿಲ್ಲ. ತೀರಾ ಕಪ್ಪಾಗಿ, ಎಣ್ಣೆ ಜಿನುಗುವಷ್ಟು ಹುರಿದ ಬೀಜವೂ ಬೇಡ. ಅಷ್ಟು ಸುಟ್ಟರೆ ಯಾವ ಬೀಜವಾದರೂ ಒಂದೇ ರುಚಿ, ಆ ಹುರಿತ ಬಳಸುವುದೇ ಮೂಲ ಮುಚ್ಚಲು.

ಕಡೆಯದಾಗಿ ಋತು. ಕೊಡಗಿನಲ್ಲಿ ಅರೇಬಿಕಾ ಹಣ್ಣಾಗುವುದು ನವೆಂಬರ್‌ನಿಂದ ಜನವರಿ, ರೊಬಸ್ಟಾ ಸುಮಾರಾಗಿ ಜನವರಿಯಿಂದ ಮಾರ್ಚ್. ಹಿಕ್ಕೆಯಲ್ಲಿ ಕಾಫಿ ಇರುವುದೂ ಆ ತಿಂಗಳುಗಳಲ್ಲೇ. ಒಣಗಿಸಿ, ಸ್ವಲ್ಪ ದಿನ ಕೂರಿಸಿ, ಹುರಿದ ಮಾಲು ಕೊಳ್ಳಲು ಏಪ್ರಿಲ್, ಮೇ ಒಳ್ಳೆಯ ಕಾಲ. ಜುಲೈ ಮಳೆಯಲ್ಲಿ ‘ಈ ವಾರ ತೋಟದಿಂದ ಬಂದದ್ದು’ ಎಂದರೆ ಹುರಿದದ್ದು ಈ ವಾರವೋ ಆರಿಸಿದ್ದು ಈ ವಾರವೋ ಎಂದು ಕೇಳಿ. ಹುರಿದದ್ದು ಎಂದರೆ, ಪಾರ್ಚ್‌ಮೆಂಟ್ ಸಮೇತ ತೇವ ತಾಗದ ಕಡೆ ಇಟ್ಟಿದ್ದರೆ ತೊಂದರೆಯಿಲ್ಲ, ತಗೊಳ್ಳಬಹುದು. ಆರಿಸಿದ್ದು ಎಂದರೆ ಆ ಅಂಗಡಿಯಲ್ಲಿ ಕಾಳುಮೆಣಸು ಮಾತ್ರ ತಗೊಳ್ಳಿ, ಅದನ್ನೂ ಒಂದು ಕಾಳು ಕಚ್ಚಿ ನೋಡಿ.